ತಂಡದ ಆಳು

ಜೂನ್ 4

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಕ್ಷೇಮವಾಗಿ ತಲುಪಿದ್ದೇನೆ. ಬಂದ ದಿನವೇ ಎಲ್ಲರ ಫೋನುಗಳನ್ನೂ ಒಂದು ಬಕೆಟ್ಟಿನಲ್ಲಿ ಒಟ್ಟುಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಂಡದ ಪಟ್ಟಿ ಹೊರಬೀಳುವವರೆಗೂ ಕಾಗದವೇ ಗತಿ. ಹೇಗೂ ನಮ್ಮ ಲಾಂಡ್ರಿ ಅಂಗಡಿಯ ಯಂತ್ರಗಳ ಗದ್ದಲದಲ್ಲಿ ನಿಮಗೆ ಫೋನು ಕೇಳಿಸುವುದಿಲ್ಲ, "ಆಂ? ಆಂ?" ಅನ್ನುವುದರಲ್ಲೇ ಅರ್ಧ ಮಾತು ಮುಗಿದುಹೋಗುತ್ತದೆ.

ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ. ಕಿಟಕಿ ತೆರೆದರೆ ನೇರ ಮೈದಾನ. ಬೆಳಕು ಹರಿಯುವ ಹೊತ್ತಿಗೆ ಅದಕ್ಕೆ ನೀರು ಹಾಯಿಸುತ್ತಾರೆ. ಇಲ್ಲಿನ ಪ್ಲಾಸ್ಟಿಕ್ ಹುಲ್ಲು ಹಸಿರಲ್ಲ, ನೀಲಿ ಎಂದು ನಿಮ್ಮ ಮೊಮ್ಮಗಳು ಪುಟ್ಟಿಗೆ ಹೇಳಿ. ನಂಬುವುದಿಲ್ಲ, ಆದರೂ ಹೇಳಿ.

ಗೋಲು ಕಾಯುವ ಡಿಫೆಂಡರುಗಳು ನಾವು ಎಂಟು ಜನ ಬಂದಿದ್ದೇವೆ. ಹಾಕಿ ಸೀಸನ್ ಶುರುವಾಗುವ ಮುಂಚೆ ಆರು ಜನ ಉಳಿಯುತ್ತಾರೆ. ನನಗೆ ಮೂವತ್ತೊಂದು. ಪಕ್ಕದ ಮಂಚದವಳಿಗೆ ಹತ್ತೊಂಬತ್ತು, ಎಲ್ಲರೂ ಅವಳನ್ನು ಚೋಟು ಅನ್ನುತ್ತಾರೆ, ಚೆಂಡಿಗಿಂತ ಜೋರಾಗಿ ಓಡುತ್ತಾಳೆ. ಈ ಸಲ ಪಟ್ಟಿಯಲ್ಲಿ ನನ್ನ ಹೆಸರು ಬರದಿದ್ದರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು.

ಒಂದು ಸಂತೋಷದ ಸುದ್ದಿ. ಮೊದಲ ಸಂಜೆಯೇ ಕೋಚ್ ಎಲ್ಲರೆದುರು ನನ್ನ ಹೆಗಲು ತಟ್ಟಿದರು. ಈ ತಂಡದ ಆಳ ನಾನೇ ಅಂತೆ. ಹಾಗೆ ಹೇಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಬೀದಿಯಲ್ಲಿ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿ. ಪೆನಾಲ್ಟಿ ಕಾರ್ನರ್ ಬಂದಾಗ ಮೊದಲು ಓಡುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ, ಬೇರೆಯವರಿಗೆ ಕೊಟ್ಟಿಲ್ಲ.

ಅಕ್ಷರ ಸರಿಯಾಗಿಲ್ಲ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವರು ಲಾರಿಯಿಂದ ಯಾವತ್ತು ಇಳಿಯುತ್ತಾರೋ ಅವತ್ತು ಈ ಕಾಗದ ತೋರಿಸಿ.

ನಿಮ್ಮ ಸೊಸೆ


ಜೂನ್ 10

ನಮ್ಮ ಮನೆಯ ಗೋಡೆಗೆ ಆಶೀರ್ವಾದ.

ಬೀದಿಯವರೆಲ್ಲ ನಿನ್ನನ್ನು ಗೋಡೆ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನ ಕಾಗದ ಓದಿ ಮೈ ಉರಿದುಹೋಯಿತು. ಒಮ್ಮೆ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಮೊದಲು ಇದ್ದದ್ದೇ ಆಮೇಲೂ ಇತ್ತು. ಈ ತಂಡದ ಆಳು ನಾನೇ ಅಂತೆ ಎಂದು ನಿನ್ನ ಕೈಯಾರೆ ಬರೆದಿದ್ದೀಯ. ಅದನ್ನು ಬೀದಿಯಲ್ಲಿ ಧೈರ್ಯವಾಗಿ ಹೇಳಬೇಕಂತೆ.

ಎಲ್ಲರೆದುರು ಹೆಗಲು ತಟ್ಟಿ ಆಳು ಅನ್ನಲು ಅವನು ಯಾರು? ಅನ್ನಿಸಿಕೊಂಡು ಸಂತೋಷದ ಸುದ್ದಿ ಎಂದು ಬರೆಯಲು ನೀನು ಯಾರು? ಮೊದಲು ಓಡುವ ಕೆಲಸವೂ ನಿನಗೇ ಅಂತೆ. ಓಡಿ ಏನು ತರಬೇಕು? ನೀರಾ?

ಆಳಾಗಿ ದುಡಿ ಅರಸನಾಗಿ ಉಣ್ಣು ಎಂದು ನನ್ನ ತಾಯಿ ಹೇಳುತ್ತಿದ್ದಳು. ನಾನು ಹಾಗೇ ದುಡಿದವಳು. ಕಂಡವರ ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದಕ್ಕೆ ಎಂದೂ ನಾಚಿಲ್ಲ. ಆದರೆ ನನ್ನನ್ನು ಆಳು ಎಂದು ಕರೆದವನು ಒಬ್ಬನಿದ್ದ. ಅವನ ಅಂಗಿಯನ್ನು ಒದ್ದೆಯಾಗಿಯೇ ಕೈಗಿಟ್ಟು ಕಳಿಸಿದೆ.

ನೀನು ಮದುವೆಯಾಗಿ ಬಂದ ಹೊಸದರಲ್ಲಿ ಬೆಳಗಾಗೆದ್ದು ಸ್ಟಿಕ್ ಹಿಡಿದು ಹೊರಟರೆ ಬೀದಿಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನನಗೇ ಚುಚ್ಚಿದರು. ಕಾಲ ಅಲ್ಲ ಕಾಲು ಎಂದೆ. ಅವಳದೊಂದು ನನ್ನದೊಂದು. ಎರಡೂ ಇದ್ದರೇ ಮನೆ ನಡೆಯುವುದು ಎಂದೆ. ನೀನು ಆಳು ಅನ್ನಿಸಿಕೊಳ್ಳಲಿ ಎಂದು ಅದನ್ನು ಹೇಳಿದ್ದಲ್ಲ.

ನಾನು ಮಾಡಬೇಕಾದ್ದನ್ನು ಮಾಡಿದ್ದೇನೆ. ಏನು ಎಂದು ಕೇಳಬೇಡ.

ಪುಟ್ಟಿ ಚೆನ್ನಾಗಿದ್ದಾಳೆ. ಪೊರಕೆ ಹಿಡಿದುಕೊಂಡು ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಚೀಟಿ ತೋರಿಸದ ಗಿರಾಕಿಯನ್ನು ಒಳಗೆ ಬಿಡುವುದಿಲ್ಲ. ನೀಲಿ ಹುಲ್ಲು ನಂಬಲಿಲ್ಲ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ.

ಅತ್ತೆ


ಜೂನ್ 17

ಅತ್ತೆ,

ನೀವು ಕೋಚ್‌ಗೆ ಬರೆದ ಕಾಗದ ತಲುಪಿತು. ಊಟದ ಹೊತ್ತಿನಲ್ಲಿ, ಎಲ್ಲರ ಮುಂದೆ ತಲುಪಿತು.

ಕೋಚ್ ಗಂಡಸಲ್ಲ, ಹೆಂಗಸು. ಹಿಂದೆ ಗೋಲ್‌ಕೀಪರ್ ಆಗಿದ್ದವರು. "ಸನ್ಮಾನ್ಯ ಕೋಚ್ ಸಾಹೇಬರಿಗೆ" ಎಂದು ಶುರುವಾಗಿದ್ದರಿಂದ ಅವರು ಯಾರದೋ ತಮಾಷೆ ಎಂದುಕೊಂಡು ಗಟ್ಟಿಯಾಗಿ ಓದತೊಡಗಿದರು. "ನನ್ನ ಸೊಸೆ ನಿಮಗೆ ಆಳಲ್ಲ, ಅವಳು ಉಂಡ ತಟ್ಟೆಯನ್ನೂ ನಾನು ಅವಳಿಂದ ತೊಳೆಸಿದವಳಲ್ಲ" ಎಂಬಲ್ಲಿಗೆ ಬಂದಾಗ ನನ್ನ ಮುಖ ನೋಡಿ ನಿಲ್ಲಿಸಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಅಂದ ಹಾಗೆ ಅದು ಸುಳ್ಳು. ನನ್ನ ತಟ್ಟೆಯನ್ನು ನಾನೇ ತೊಳೆಯುತ್ತೇನೆ, ನಿಮ್ಮದನ್ನೂ ತೊಳೆಯುತ್ತೇನೆ.

ಈಗ ಇಡೀ ತಂಡ ನನ್ನನ್ನು ಆಳು ಎಂದು ಕರೆಯುತ್ತದೆ. ಆಳು, ಉಪ್ಪು ಕೊಡು. ಆಳು, ದೀಪ ಆರಿಸು. ಚೋಟುವೂ ಕರೆಯುತ್ತಾಳೆ.

ನಾನು ಬರೆದದ್ದು ಆಳು ಅಲ್ಲ, ಆಳ. ನೀರಿನ ಆಳ ಅನ್ನುತ್ತೇವಲ್ಲ, ಅದು. ಕೋಚ್ ಹೇಳಿದ್ದು ಡೆಪ್ತ್. ಹೇಗೂ ಮಾನ ಹೋಗಿದೆ, ಅರ್ಥವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಮೊದಲ ಸಾಲಿನ ಡಿಫೆಂಡರುಗಳು ಚೆನ್ನಾಗಿರುವಷ್ಟು ದಿನ ನಾನು ಬೆಂಚಿನ ಮೇಲೆ. ಅವರಲ್ಲಿ ಯಾರಿಗಾದರೂ ಪೆಟ್ಟಾದರೆ, ಸುಸ್ತಾದರೆ, ಆಗ ನಾನು. ಈಗಿನ ಎಣಿಕೆಯಲ್ಲಿ ನಾನು ಏಳನೆಯವಳು. ಆ ಮಾತಿಗೆ ಒಳ್ಳೆಯ ಅಂಗಿ ತೊಡಿಸಿ ನಿಮಗೆ ಕಳಿಸಿದ್ದೆ, ನೀವು ಹೆಮ್ಮೆಪಡಲಿ ಎಂದು.

ಮೊದಲು ಓಡುವ ಕೆಲಸ ನೀರು ತರುವುದಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಿನವಳು ಗೋಲಿಗೆ ಗುರಿಯಿಟ್ಟು ಇದ್ದ ಬಲವನ್ನೆಲ್ಲ ಹಾಕಿ ಚೆಂಡು ಬೀಸುತ್ತಾಳೆ. ನಮ್ಮವಳೊಬ್ಬಳು ಗೋಲಿನ ಗೆರೆಯಿಂದ ನೇರ ಅವಳ ಕಡೆಗೇ ಓಡಬೇಕು. ಸ್ಟಿಕ್ಕಿಗೆ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಮೈಗೆ. ಬೇರೆಯವರಿಗೆ ಯಾಕೆ ಕೊಟ್ಟಿಲ್ಲವೆಂದರೆ ಬೇರೆಯವರು ಕೇಳಲಿಲ್ಲ.

ಇನ್ನು ಮುಂದೆ ದಯವಿಟ್ಟು ಕೋಚ್‌ಗೆ ಬರೆಯಬೇಡಿ. ಮಾತು ಕೊಡಿ.

ಸೊಸೆ


ಜುಲೈ 1

ಪ್ರೀತಿಯ ಸೊಸೆಗೆ, ಅತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು, ಸಂಗತಿ ತಿಳಿಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ಒತ್ತಡವೇ ಕಾರಣ, ಬೇರೇನೂ ಇಲ್ಲ. ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಇಚ್ಛೆಯಂತೆ, ಇನ್ನು ಮುಂದೆ ಕೋಚ್ ಅವರಿಗೆ ಬರೆಯುವುದಿಲ್ಲ ಎಂದು, ಈ ಮೂಲಕ ಮಾತು ಕೊಡುತ್ತಿದ್ದೇನೆ.

ಆಳಕ್ಕೂ, ಆಳಿಗೂ, ನಡುವೆ ಇರುವುದು ಒಂದು ಕೊಂಬು. ಕೊಂಬು ಬಂದದ್ದು ನನಗಲ್ಲ, ನಿನ್ನ ಅಕ್ಷರಕ್ಕೆ. ಆದ್ದರಿಂದ ತಪ್ಪನ್ನು ಸಮಪಾಲು ಹಂಚಿಕೊಳ್ಳೋಣ.

ಬಾವಿ ತೋಡಿಸುವವರು ಬಾವಿಯ ಬಾಯಿ ಅಳೆಯುವುದಿಲ್ಲ, ಆಳ ಅಳೆಯುತ್ತಾರೆ. ಮೇಲಿನ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ, ಬೇಸಿಗೆಯಲ್ಲಿ ಮನೆ ನಡೆಸುವುದು ಕೆಳಗಿನದು. ನೀನು ಏಳನೆಯವಳು ಎಂದು ನಾನು ಬೀದಿಯಲ್ಲಿ ಹೇಳಿದ್ದೇನೆ, ಧೈರ್ಯವಾಗಿಯೇ ಹೇಳಿದ್ದೇನೆ. ಎದುರುಮನೆಯಾಕೆ ಮೂಗು ಮುರಿದಳು. ನನ್ನ ಸೊಸೆ ಚೆಂಡಿಗೆ ಎದುರಾಗಿ ಓಡುತ್ತಾಳೆ, ನಿನ್ನ ಮಗ ನಾಯಿಗೆ ಹೆದರಿ ಓಡುತ್ತಾನೆ, ಎಂದೆ. ಆಕೆ ಈಗ ಬಟ್ಟೆಯನ್ನು ಬೇರೆ ಅಂಗಡಿಗೆ ಕೊಡುತ್ತಿದ್ದಾಳೆ, ಕೊಡಲಿ.

ಒಂದು ಮಾತು ಕೇಳುವುದಿದೆ. ಎಂಟು ವರ್ಷ ನೀನು ಈ ಅಂಗಡಿಯ ಚೀಟಿ ಬರೆದಿದ್ದೀಯ, ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಅಂಥ ಅಕ್ಷರ, ತೊಡೆಯ ಮೇಲಿಟ್ಟು ಬರೆದ ಮಾತ್ರಕ್ಕೆ, ಕೆಡುವುದಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಬರೆದಾಗಲೂ ಕೆಟ್ಟಿರಲಿಲ್ಲ.

ಯಾವ ಬೆರಳು?

ಇಂತು, ಆಶೀರ್ವಾದಗಳೊಂದಿಗೆ, ನಿನ್ನ ಅತ್ತೆ


ಜುಲೈ 6

ಅತ್ತೆಯವರಿಗೆ,

ನಿಮ್ಮ ಕಾಗದ ನೋಡಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಎಷ್ಟು ದುಂಡಗಿನ ಅಕ್ಷರ, ಎಷ್ಟು ಮರ್ಯಾದೆಯ ಮಾತು. ನನ್ನ ಮೇಲೆ ಇಷ್ಟು ಕೋಪವೇ ಎಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕಟುವಾಗಿ ಬರೆದೆ ಎಂದು ನನಗೇ ನಾಚಿಕೆಯಾಗಿ, ಕ್ಷಮೆ ಕೇಳಲು ಕೂತೆ. ಕೂತು ಮತ್ತೊಮ್ಮೆ ಓದಿದಾಗ ನಗು ಬಂತು, ನಗುವಿನ ಬೆನ್ನಿಗೇ ಭಯವಾಯಿತು.

ಅತ್ತೆ, ನೀವು ಹುಟ್ಟಿದಾಗಿನಿಂದ ಒಂದು ಅಲ್ಪವಿರಾಮ ಹಾಕಿದವರಲ್ಲ. ಈ ಕಾಗದದಲ್ಲಿ ಉಸಿರಿಗೊಂದರಂತೆ ಇವೆ. "ಈ ಮೂಲಕ" ಎಂದು ನೀವು ಜನ್ಮದಲ್ಲಿ ಅನ್ನುವುದಿಲ್ಲ. ಇದನ್ನು ಬರೆದವರು ಗರಿ ಮುರಿಯದ ಬಿಳಿ ಅಂಗಿಯ ನಮ್ಮ ಗಿರಾಕಿ ಮೇಷ್ಟ್ರು ತಾನೆ? ಮಾತು ನಿಮ್ಮದು, ಕೈ ಅವರದು. ಹಾಗಾದರೆ ನಿಮ್ಮ ಕೈಗೆ ಏನಾಯಿತು?

ನಾನು ಮೊದಲು ಹೇಳಿದರೆ ನೀವೂ ಹೇಳುತ್ತೀರಿ, ಆದ್ದರಿಂದ ಹೇಳುತ್ತೇನೆ. ಬಲಗೈಯ ಉಂಗುರದ ಬೆರಳು. ಬಂದ ಎರಡನೆಯ ದಿನವೇ, ಮೊದಲ ಕಾರ್ನರ್‌ನಲ್ಲಿ ಓಡುವಾಗ ಚೆಂಡು ಸ್ಟಿಕ್ಕಿನ ಹಿಡಿಗೇ ಬಡಿಯಿತು. ಊದಿಕೊಂಡಿತು, ನೀಲಿಯಾಯಿತು. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿ ಕೈಗವಸು ಹಾಕಿಕೊಂಡಿದ್ದೇನೆ. ಕೋಚ್‌ಗೆ ಹೇಳಿಲ್ಲ. ಏಳನೆಯವಳ ಬೆರಳು ಮುರಿದರೆ ಎಂಟನೆಯವಳು ಏಳನೆಯವಳಾಗುತ್ತಾಳೆ, ಅಷ್ಟೇ.

ಹದಿನೇಳಕ್ಕೆ ಬೇರೆ ತಂಡದ ಮೇಲೆ ಅಭ್ಯಾಸದ ಆಟ. ಮರುದಿನ ಪಟ್ಟಿ. ನಿಮ್ಮ ಕೈ ಕೆಟ್ಟಿದ್ದರೆ ಅಂಗಡಿ ಯಾರು ನೋಡುತ್ತಾರೆ, ಪುಟ್ಟಿಗೆ ಯಾರು ತಲೆ ಬಾಚುತ್ತಾರೆ? ಒಂದು ಮಾತು ಬರೆಯಿರಿ. ಪಟ್ಟಿ ಹಾಳಾಗಿ ಹೋಗಲಿ, ಸಿಕ್ಕಿದ ಬಸ್ಸು ಹತ್ತಿ ಬರುತ್ತೇನೆ.

ನಿಮ್ಮ ಸೊಸೆ


ಜುಲೈ 10

ಸೊಸೆಗೆ,

ಬರೆಯುತ್ತಿರುವವರು ಮೇಷ್ಟ್ರೇ. ಇವತ್ತು ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಇಲ್ಲದಿದ್ದರೆ ಅಂಗಿಗೆ ಗಂಜಿ ಹಾಕುವುದಿಲ್ಲ ಎಂದು ಹೆದರಿಸಿ ಕೂರಿಸಿದ್ದೇನೆ. ಅಲ್ಪವಿರಾಮ ಮಾತ್ರ ಬಿಡುವುದಿಲ್ಲವಂತೆ, ಹಟ ಹಿಡಿದಿದ್ದಾರೆ.

ಬಲ ಅಂಗೈ ಸುಟ್ಟಿದೆ. ನಿನ್ನ ಆ ಕಾಗದ ಬಂದಾಗ ದೊಡ್ಡ ಇಸ್ತ್ರಿಯ ಮುಂದೆ ನಿಂತಿದ್ದೆ. ಇಸ್ತ್ರಿಯ ಮೇಲೆ ಇಡಬೇಕಾದ ಕಣ್ಣನ್ನು ಕಾಗದದ ಮೇಲಿಟ್ಟೆ. ಕಾಗದದ ಮೇಲಿಡಬೇಕಾದ ಕೈಯನ್ನು ಇಸ್ತ್ರಿಯ ಮೇಲಿಟ್ಟೆ. ಹೇಳಿದರೆ ನಿನ್ನಿಂದಲೇ ಆಯಿತೆಂದು ಕೊರಗುತ್ತೀಯ ಎಂದು ಹೇಳಲಿಲ್ಲ. ನಿನ್ನಿಂದ ಆದದ್ದಲ್ಲ. ನಿನ್ನನ್ನು ನಗೆಪಾಟಲು ಮಾಡಿದೆನಲ್ಲ ಎಂದು ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಅದರಿಂದ ಆದದ್ದು. ಡಾಕ್ಟರು ಮದ್ದು ಹಾಕಿದ್ದಾರೆ, ಹೊಸ ಚರ್ಮ ಬರುತ್ತಿದೆ. ನಿನ್ನ ಗಂಡ ಲಾರಿ ಬಿಟ್ಟು ಬಂದು ಅಂಗಡಿಯಲ್ಲಿ ನಿಂತಿದ್ದಾನೆ. ಎರಡು ಅಂಗಿ ಸುಟ್ಟ, ಕಲಿಯುತ್ತಿದ್ದಾನೆ. ಪುಟ್ಟಿಯ ತಲೆಯನ್ನೂ ಅವನೇ ಬಾಚುತ್ತಾನೆ, ನೋಡಿದವರು ನಗುತ್ತಾರೆ, ಅವಳಿಗೆ ಚಿಂತೆಯಿಲ್ಲ.

ನೀನು ಬರಕೂಡದು. ಬಂದರೆ ಬಾಗಿಲಲ್ಲಿ ನಿನ್ನ ಮಗಳಿದ್ದಾಳೆ, ಚೀಟಿ ತೋರಿಸದೆ ಒಳಗೆ ಬಿಡುವುದಿಲ್ಲ.

ಬೆರಳಿನ ವಿಷಯ. ನಾನು ಕೋಚ್‌ಗೆ ಬರೆಯುವುದಿಲ್ಲ. ಕೊಟ್ಟ ಮಾತು ಇದೆ, ಬರೆಯುವ ಕೈಯೂ ಇಲ್ಲ. ನೀನೇ ಹೇಳು. ಆಟಕ್ಕೆ ಮುಂಚೆ ಹೇಳು. ಬಚ್ಚಿಟ್ಟು ಪಟ್ಟಿಗೆ ಬಂದರೆ, ಪ್ರತಿ ಸಲ ಕೈಗವಸು ಬಿಚ್ಚುವಾಗ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಬೇಕಾಗುತ್ತದೆ. ಚೆಂಡಿಗೆ ಎದುರು ಓಡುವವಳಿಗೆ ಒಂದು ಮಾತಿಗೆ ಎದುರು ನಿಲ್ಲಲು ಆಗುವುದಿಲ್ಲವೇ? ಪಟ್ಟಿಯಿಂದ ತೆಗೆದರೆ ತೆಗೆಯಲಿ. ಎಂಟು ವರ್ಷದಿಂದ ನಿನ್ನ ಕೆಸರು ಹತ್ತಿದ ಬಟ್ಟೆಯನ್ನು ನಾನು ಬೇರೆಯವರ ಬಟ್ಟೆಯ ಜೊತೆ ಸೇರಿಸಿ ಒಗೆದಿಲ್ಲ. ಬೇರೆಯಾಗಿ, ಕೈಯಲ್ಲೇ ಒಗೆದಿದ್ದೇನೆ. ಅದು ಯಾವ ಪಟ್ಟಿ ನೋಡಿ ಮಾಡಿದ್ದೂ ಅಲ್ಲ. ನಿನ್ನನ್ನು ನೋಡಿ ನನಗೆ ಹೆಮ್ಮೆ.

ಅತ್ತೆ

(ಕೊನೆಯ ಮಾತು ಹೇಳುವಾಗ ಆಕೆ ಕಣ್ಣೊರೆಸಿಕೊಂಡರು, ಬರೆಯಬೇಡಿ ಎಂದರು, ಬರೆದಿದ್ದೇನೆ. ಮೇಷ್ಟ್ರು.)


ಜುಲೈ 19

ಅತ್ತೆ,

ಫೋನು ಕೈಗೆ ಬಂದಿದೆ. ಆದರೂ ಇದನ್ನು ಕಾಗದದಲ್ಲೇ ಹೇಳಬೇಕು ಅನ್ನಿಸಿತು. ಇವರಿಗೂ ಬಾಯಿ ಬಿಡಬೇಡಿ ಎಂದಿದ್ದೇನೆ.

ನಿಮ್ಮ ಕಾಗದ ಬಂದ ಸಂಜೆಯೇ ಕೋಚ್ ಕೋಣೆಗೆ ಹೋಗಿ ಕೈಗವಸು ಬಿಚ್ಚಿ ಮೇಜಿನ ಮೇಲೆ ಕೈ ಇಟ್ಟೆ. ಅವರು ತಮ್ಮ ಎರಡೂ ಕೈಗಳನ್ನು ಪಕ್ಕದಲ್ಲಿ ಇಟ್ಟರು. ಹತ್ತರಲ್ಲಿ ನೆಟ್ಟಗಿರುವ ಬೆರಳು ಹುಡುಕಬೇಕು, ಹಾಗಿದ್ದವು. ಎಷ್ಟು ದಿನವಾಯಿತು ಎಂದು ಕೇಳಿದರು, ಹೇಳಿದೆ. ಡಾಕ್ಟರ ಬಳಿ ಕಳಿಸಿದರು. ಮೂಳೆ ಕೂಡಿಕೊಂಡಿದೆಯಂತೆ, ಸೊಟ್ಟಗೆ ಕೂಡಿದೆಯಂತೆ, ಗಟ್ಟಿ ಕವಚ ಹಾಕಿಕೊಂಡು ಆಡಬಹುದಂತೆ. ವಾಪಸ್ಸು ಬಂದಾಗ ಕೋಚ್ ಹೇಳಿದ್ದಿಷ್ಟು: "ಭಾನುವಾರ ಬೆಂಚಲ್ಲಿ ಕೂತ್ಕೋ. ಇನ್ನೊಂದ್ಸಲ ಬಚ್ಚಿಟ್ರೆ ನಿನ್ನ ಅತ್ತೆಗೆ ನಾನೇ ಕಾಗದ ಬರೀತೀನಿ."

ಭಾನುವಾರ ಬಹಳ ಹೊತ್ತು ಕೂತೇ ಇದ್ದೆ. ಒಂದು ಗೋಲಿನಿಂದ ನಾವು ಮುಂದಿದ್ದೆವು. ಕೊನೆಗೆ ನಮ್ಮ ಎಡಗಡೆಯವಳಿಗೆ ಕಾಲು ಹಿಡಿದುಕೊಂಡಿತು. ನನ್ನ ಪಕ್ಕ ಚೋಟು ಆಗಲೇ ಎದ್ದು ನಿಂತಿದ್ದಳು. ಕೋಚ್ ಅವಳ ಕಡೆ ನೋಡಲಿಲ್ಲ. "ಆಳು, ಹೋಗು" ಅಂದರು.

ಹೋದ ಸ್ವಲ್ಪ ಹೊತ್ತಿಗೇ ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್. ಮುಖಕ್ಕೆ ಕವಚ ಹಾಕಿಕೊಂಡು ಗೋಲಿನ ಗೆರೆಯಲ್ಲಿ ನಿಂತೆ. ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಕೇಳಿದರೆ ಪುಟ್ಟಿ ಪೊರಕೆ ಹಿಡಿದು ನಿಂತಿರುವುದು ಕಣ್ಣಿಗೆ ಬಂತು, ಅಷ್ಟೇ. ಓಡಿದೆ. ಮೊದಲ ಹೊಡೆತ ಮೊಣಕಾಲಿನ ಪ್ಯಾಡಿಗೆ ಬಡಿದು ಅವಳಿಗೇ ವಾಪಸ್ಸು ಹೋಯಿತು. ಮತ್ತೆ ಹೊಡೆದಳು, ಅಷ್ಟರಲ್ಲಿ ನಾನು ಅವಳ ಕಾಲ ಬುಡದಲ್ಲಿದ್ದೆ, ಸ್ಟಿಕ್ಕಿಗೆ ಸಿಕ್ಕಿತು, ಹೊರಗೆ ತಳ್ಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೋಲು ಆಗದಿದ್ದದ್ದಕ್ಕೆ ಚಪ್ಪಾಳೆ ತಟ್ಟುವವರು ಕಡಿಮೆ. ಆದರೆ ನಮ್ಮ ಕೀಪರ್ ಹಿಂದಿನಿಂದ ಬಂದು ನನ್ನ ತಲೆಗೆ ತನ್ನ ಹೆಲ್ಮೆಟ್ ಒತ್ತಿ ನಿಂತಳು. ನನಗೆ ಅದು ಸಾಕಾಗಿತ್ತು.

ಪಟ್ಟಿಯನ್ನು ಕೋಚ್ ನಿಂತುಕೊಂಡು ಓದಿದರು. ಡಿಫೆಂಡರುಗಳಲ್ಲಿ ಐದು ಹೆಸರು ಮುಗಿಯಿತು. ಕಾಲು ಹಿಡಿದವಳೂ ಇದ್ದಳು. ಆರನೆಯದಕ್ಕೆ ತಲೆಯೆತ್ತಿ, ನನ್ನ ಹೆಸರು ಹೇಳದೆ, "ನಮ್ಮ ಆಳು" ಅಂದರು. ಅತ್ತೆ, ಆಗ ಎದ್ದು ನಿಂತೆ ನೋಡಿ, ನನ್ನ ಮದುವೆಯಲ್ಲೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಚೋಟು ಹೆಸರು ಬರಲಿಲ್ಲ. ಮಂಚದ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದಳು. ಅವಳಿಗೆ ಇನ್ನೂ ಎಷ್ಟೋ ವರ್ಷಗಳಿವೆ, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಬಾರದು. ಅವಳ ಚೀಲ ಹೊತ್ತು ಬಸ್ಸಿನವರೆಗೂ ಹೋದೆ. ಬೇಡ ಅಂದಳು. ಆಳು ಅಂತ ಕರೆದಿದ್ದೀಯ, ಹೊರಿಸು ಅಂದೆ. ಅಳುವಿನ ನಡುವೆ ನಕ್ಕಳು.

ಅಂಗಿಯ ಬೆನ್ನಿನ ಮೇಲೆ ಅಡ್ಡಹೆಸರು ಹಾಕಿಸಿಕೊಳ್ಳಬಹುದು. ಬಟ್ಟೆ ನೋಡಿಕೊಳ್ಳುವವರು ಬಂದು ಆಳ ಅಂತ ಹಾಕಲೋ ಆಳು ಅಂತ ಹಾಕಲೋ ಎಂದು ಕೇಳಿದರು. ಕೊಂಬು ಇರಲಿ ಅಂದೆ. ಆ ಅಂಗಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮುದ್ದೆಯಾಗಿದೆ. ಮೊದಲ ಆಟಕ್ಕೆ ಇನ್ನೂ ದಿನವಿದೆ. ಕೈ ಮಾಗಿದ್ದರೆ ನೀವು ಇಸ್ತ್ರಿ ಮಾಡಿ ಕಳಿಸಿ. ಮಾಗದಿದ್ದರೆ ಹಾಗೇ ಕಳಿಸಿ, ಇವರ ಕೈಗೆ ಮಾತ್ರ ಕೊಡಬೇಡಿ.

ನಿಮ್ಮ ಆಳು


ಜುಲೈ 24

ನಮ್ಮ ಮನೆಯ ಗೋಡೆಗೆ ಆಶೀರ್ವಾದ.

ಇದು ನನ್ನ ಕೈ. ಮೇಷ್ಟ್ರನ್ನು ಮನೆಗೆ ಕಳಿಸಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ನೀನು ಮಾತಾಡಬೇಡ.

ಅಂಗಿ ಬಂತು. ನಿನ್ನ ಗಂಡ ಕೈ ಚಾಚಿದ. ಕೊಡಲಿಲ್ಲ. ಅಕ್ಷರದ ಮೇಲೆ ಇಸ್ತ್ರಿ ಇಡಬಾರದು ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ಒಳಮೈ ಹೊರಗೆ ಮಾಡಿ ಎಡಗೈಯಲ್ಲೇ ಉಜ್ಜಿದೆ. ಹೊತ್ತು ಹಿಡಿಯಿತು. ಒಂದು ಗೆರೆ ಉಳಿಸಿಲ್ಲ. ಒಂದು ದಿನ ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದೆ. ಪುಟ್ಟಿ ಅದರ ಕೆಳಗೆ ನಿಂತು ಯಾರನ್ನೂ ಮುಟ್ಟಲು ಬಿಡಲಿಲ್ಲ. ಅಂಗಿಗೆ ಹತ್ತಿದ್ದ ನೀಲಿ ಎಳೆಯೊಂದನ್ನು ಕಿತ್ತು ಇಟ್ಟುಕೊಂಡಿದ್ದಾಳೆ. ಈಗ ನೀಲಿ ಹುಲ್ಲು ನಂಬುತ್ತಾಳೆ.

ಎದುರುಮನೆಯಾಕೆ ಬಂದು ನೋಡಿದಳು. ಆಳು ಎಂದು ಬೆನ್ನ ಮೇಲೆ ಬರೆಸಿಕೊಂಡಿದ್ದಾಳಲ್ಲ ನಿನ್ನ ಸೊಸೆಗೆ ನಾಚಿಕೆಯಿಲ್ಲವಾ ಎಂದು ಕೇಳಿದಳು. ಅಂಗಿಯನ್ನು ಇನ್ನೊಮ್ಮೆ ನೋಡಿದೆ. ಮೊದಲ ಸಲ ನಿನ್ನ ಕಾಗದದಲ್ಲಿ ತಪ್ಪಾಗಿ ಓದಿದ ಮಾತು ಅಲ್ಲಿ ದೊಡ್ಡದಾಗಿ ಇತ್ತು. ಈ ಸಲ ಸರಿಯಾಗಿ ಓದಿದೆ. ಕೂಲಿಗೆ ಬಂದವಳೂ ಆಳು. ಊರಿಗೆ ಊರನ್ನೇ ರಾಣಿಯ ಕೈಗೆ ಕೊಟ್ಟು ಆಳು ಎಂದು ಹೇಳುವುದೂ ಆಳು. ಎರಡಕ್ಕೂ ಅಕ್ಷರ ಒಂದೇ. ಅದನ್ನೇ ಆಕೆಗೆ ಹೇಳಿದೆ. ಬಟ್ಟೆಯ ಗಂಟು ಬಿಟ್ಟು ಹೋದಳು.

ಅಂಗಿಯನ್ನು ಮಡಿಚಿ ಇದರ ಜೊತೆ ಇಟ್ಟಿದ್ದೇನೆ. ಸೊಟ್ಟ ಬೆರಳು ಸೊಟ್ಟಗೇ ಇರಲಿ. ಕೇಳಿದವರಿಗೆ ತೋರಿಸು. ಗೆರೆಯ ಮೇಲೆ ನಿಂತಾಗ ನಮ್ಮ ಯಾರ ಚಿಂತೆಯೂ ಬೇಡ. ಬಾಗಿಲಲ್ಲಿ ಕಾವಲು ಇದೆ.

ಕಣ್ಣು ಮಂಜಾಗಿದೆ. ಕೊನೆಯ ಮಾತನ್ನು ದೊಡ್ಡದಾಗಿ ಬರೆಯುತ್ತೇನೆ. ದೀರ್ಘ ಬಿಟ್ಟು ಓದಬೇಡ. ಅಳು ಅಲ್ಲ.

ಹೋಗು. ಆಳು.

ಅತ್ತೆ